ಮೊದಲ ವರ್ಷ ಬರೀ ಎಲೆ

ಚಂದ್ರಪ್ರಭಾ ಆ ಗಿಡವನ್ನು ಮೊದಲು ನೋಡಿದ್ದು 2019ರ ಬೇಸಿಗೆಯಲ್ಲಿ, ದ ಹೇಗ್ ನಗರದ ಅಂಚಿನ ಮರಳುದಿಬ್ಬಗಳಲ್ಲಿ. ಅಂದು ಭಾನುವಾರ. ಗಂಡ ತ್ಯಾಗರಾಜ ಮತ್ತು ಎಂಟು ವರ್ಷದ ಮಗಳು ಅನನ್ಯಾ ಸಮುದ್ರ ಕಾಣುವ ಆತುರದಲ್ಲಿ ಮುಂದೆ ನಡೆದುಬಿಟ್ಟಿದ್ದರು. ಹಿಂದಿನಿಂದ ಚಂದ್ರಪ್ರಭಾಳ ಕೂಗು ಕೇಳಿತು.

"ತ್ಯಾಗೂ, ಬಾ ಬೇಗ! ಹಮ್ಮಿಂಗ್‌ಬರ್ಡ್!"

ಇಬ್ಬರೂ ಓಡಿ ಬಂದರು. ಮರಳಿನಿಂದ ನೇರವಾಗಿ ಎದ್ದ ಒರಟು ಗಿಡವೊಂದು ಅಲ್ಲಿತ್ತು. ಕಾಂಡದ ತುಂಬ ಮುಳ್ಳಿನಂಥ ಬಿಳಿ ರೋಮ, ತುದಿಯವರೆಗೂ ಒತ್ತೊತ್ತಾಗಿ ನೀಲಿ ಹೂಗಳು. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ರೆಕ್ಕೆ ಕಾಣದ ಹಾಗೆ ಬಡಿಯುತ್ತ, ಉದ್ದನೆಯ ಕೊಳವೆಯಂಥ ನಾಲಗೆಯನ್ನು ಒಳಗಿಳಿಸಿ ಏನೋ ಒಂದು ಪುಟ್ಟ ಜೀವಿ ಮಕರಂದ ಹೀರುತ್ತಿತ್ತು.

"ಯೂರೋಪಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ ಕಣೇ," ಎಂದ ತ್ಯಾಗರಾಜ.

"ಹಾಗಾದ್ರೆ ಇದೇನು, ಹೆಲಿಕಾಪ್ಟರಾ?"

ನಾಯಿಯನ್ನು ಹಿಡಿದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು ನಕ್ಕರು. ಅದು ಹಕ್ಕಿಯಲ್ಲ, ಪತಂಗ. ಪ್ರತಿ ಬೇಸಿಗೆ ದಕ್ಷಿಣದ ದೇಶಗಳಿಂದ ಹಾರಿಕೊಂಡು ಬರುತ್ತದೆ ಎಂದರು. ಹಮ್ಮಿಂಗ್‌ಬರ್ಡಿನ ಹಾಗೆಯೇ ಇರುವುದರಿಂದ ಡಚ್ಚರು ಅದನ್ನು ಕೊಲಿಬ್ರಿ ಚಿಟ್ಟೆ ಎನ್ನುತ್ತಾರಂತೆ. ಗಿಡ ಇಲ್ಲಿಯ ಮರಳಿನದೇ, ಅದರ ಹೆಸರಿಗೆ ಹಾವಿನ ಸೊಪ್ಪು ಎಂದರ್ಥವಂತೆ. ಅಂದಿನಿಂದ ಅವರ ಮನೆಯಲ್ಲಿ ಅದು ಹಾವುಗಿಡ.

"ಇದನ್ನ ನಮ್ಮನೆ ಮುಂದೆ ಹಾಕಿದ್ರೆ ಅದೂ ಬರುತ್ತೆ ಅಲ್ವಾ?" ಎಂದಳು ಚಂದ್ರಪ್ರಭಾ. ತ್ಯಾಗರಾಜ ಆಗಲೇ ಸಮುದ್ರದ ಕಡೆ ತಿರುಗಿದ್ದ.

ಅವರ ಬಾಡಿಗೆ ಮನೆ ವೂರ್‌ಬರ್ಗ್‌ನ ಸಾಲುಮನೆಗಳ ಒಂದು ಬೀದಿಯಲ್ಲಿತ್ತು. ಮನೆಯ ಮುಂದೆ ಕೈತೋಟವೆಂದು ಕರೆಯಬಹುದಾಗಿದ್ದ ಜಾಗಕ್ಕೆ ಹಿಂದೆ ಇದ್ದವರು ಸಿಮೆಂಟ್ ಚಪ್ಪಡಿ ಹಾಸಿಬಿಟ್ಟಿದ್ದರು. ಇಬ್ಬರೂ ಮೈಸೂರಿನವರು, ಇಬ್ಬರಿಗೂ ಸಾಫ್ಟ್‌ವೇರ್ ಕೆಲಸ. ಅವಳು ರಾಟರ್‌ಡ್ಯಾಮ್‌ಗೆ, ಅವನು ದ ಹೇಗ್‌ಗೆ ದಿನವೂ ಓಡಾಡುತ್ತಿದ್ದರು. ಹೂಗಿಡಕ್ಕೆ ಪುರಸೊತ್ತು ಸಿಕ್ಕಿದ್ದು ಮರುವರ್ಷ ಮಾರ್ಚಿನಲ್ಲಿ, ಕೊರೊನಾ ಬಂದು ಕಚೇರಿ, ಶಾಲೆ ಎಲ್ಲ ಮುಚ್ಚಿದಾಗ.

ಚಂದ್ರಪ್ರಭಾ ಬೀಜದ ಪೊಟ್ಟಣ ತರಿಸಿದಳು. ಮಗಳನ್ನು ಜೊತೆಗೆ ಕರೆದುಕೊಂಡು ಗೋಡೆಯ ಪಕ್ಕದ ಒಂದು ಸಾಲು ಚಪ್ಪಡಿಗಳನ್ನು ಸಲಾಕೆಯಿಂದ ಎಬ್ಬಿಸಿ ಹಿತ್ತಲಿಗೆ ಸಾಗಿಸಿದಳು. ಅಡಿಯಲ್ಲಿ ಬರೀ ಮರಳು. ಗೊಬ್ಬರ ತರೋಣವೇ ಎಂದು ಅವಳು ಯೋಚಿಸುತ್ತಿದ್ದಾಗ ಪಕ್ಕದ ಮನೆಯ ರೀಯಾ ಬೇಲಿಯಾಚೆಯಿಂದ ಬೇಡವೆಂದು ಕೈಯಾಡಿಸಿದಳು. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಅವಳ ತಾಯಿಯ ಮನೆಯ ಸುತ್ತ ಇದೇ ಗಿಡ ಇತ್ತಂತೆ. ಈ ಗಿಡಕ್ಕೆ ಬಡ ಮಣ್ಣೇ ಬೇಕು, ಬಿಸಿಲು ಬೇಕು ಎಂದಳು. ಬೇರು ಗಡಾರಿಯ ಹಾಗೆ ನೆಟ್ಟಗೆ ಕೆಳಗಿಳಿಯುತ್ತದೆ, ಒಮ್ಮೆ ಬೇರು ಬಿಟ್ಟ ಮೇಲೆ ಕದಲಿಸಬಾರದು. ಮೊದಲ ವರ್ಷ ಬರೀ ಎಲೆ. ಹೂ ಬೇಕಿದ್ದರೆ ಎರಡನೇ ವರ್ಷದವರೆಗೆ ಕಾಯಬೇಕು.

"ಕಾಯೋಣ ಬಿಡು, ಈಗ ಮಾಡೋಕೆ ಬೇರೇನಿದೆ?" ಎಂದು ಚಂದ್ರಪ್ರಭಾ ಮಗಳಿಗೆ ಹೇಳಿದಳು.

ಏಪ್ರಿಲ್ ಕೊನೆಗೆ ಮೊಳಕೆಗಳು ಎದ್ದವು. ಬೇಸಿಗೆಯುದ್ದಕ್ಕೂ ಎಲೆಗಳು ನೆಲಕ್ಕೆ ಅಂಟಿದಂತೆ ಸುತ್ತಲೂ ಹರಡಿಕೊಂಡವು. ಮುಟ್ಟಿದರೆ ಚುಚ್ಚುವ, ಹಸು ಕೂಡ ಮೂಸದಂಥ ಎಲೆಗಳು. ತಾಯಿ ಮಗಳು ದಿನಕ್ಕೊಮ್ಮೆ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಏನೋ ಮಾತಾಡಿಕೊಳ್ಳುತ್ತಿದ್ದರು. ತ್ಯಾಗರಾಜ ಮಹಡಿಯ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೀಟಿಂಗುಗಳಲ್ಲಿ ಮುಳುಗಿರುತ್ತಿದ್ದ. ಕಿಟಕಿಯಿಂದ ಅವರ ತಲೆಗಳು ಅವನಿಗೆ ಕಾಣುತ್ತಿದ್ದವು, ಎಲೆಗಳು ಕಾಣುತ್ತಿರಲಿಲ್ಲ.

ನವೆಂಬರಿನಲ್ಲಿ ಮೂವರಿಗೂ ಜ್ವರ ಬಂತು. ಅಪ್ಪ ಮಗಳಿಗೆ ಬಿಟ್ಟಿತು. ಚಂದ್ರಪ್ರಭಾಗೆ ಬಿಡಲಿಲ್ಲ. ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕುಳಿತುಬಿಟ್ಟ ದಿನ ಆಂಬುಲೆನ್ಸ್ ಬಂತು. ಅವಳು ಹೋಗುವಾಗ ಅನನ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮ ಯಾವಾಗ ಬರ್ತಾಳೆ?"

"ಒಂದು ವಾರ ಪುಟ್ಟ. ಒಂದೇ ವಾರದಲ್ಲಿ ಬಂದ್ಬಿಡ್ತಾಳೆ."

ಆಸ್ಪತ್ರೆಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಚಂದ್ರಪ್ರಭಾ ವಿಡಿಯೊ ಕರೆ ಮಾಡಿದಳು. ಮೂಗು ಬಾಯಿಯ ಮೇಲೆ ಆಮ್ಲಜನಕದ ಮುಖವಾಡ, ಒಂದೊಂದು ಮಾತಿಗೂ ನಡುವೆ ಉಸಿರು. ತ್ಯಾಗರಾಜ ಎರಡು ಮಾತಾಡಿದ ಹೊತ್ತಿಗೆ ಇನ್ನೊಂದು ಫೋನಿನಲ್ಲಿ ಡಾಕ್ಟರ ಕರೆ ಬಂತು. ಅವನು ಮಗಳ ಕೈಗೆ ಫೋನ್ ಕೊಟ್ಟು ಒಳಗೆ ಹೋದ. ಅನನ್ಯಾ ಅದನ್ನು ಹಿಡಿದುಕೊಂಡು ಚಳಿಯಲ್ಲಿ ಮನೆಯ ಹೊರಗೆ ಹೋಗಿದ್ದನ್ನು ಮಾತ್ರ ಅವನು ನೋಡಿದ. ಅವರಿಬ್ಬರೂ ಏನು ಮಾತಾಡಿದರೆಂದು ಕೇಳಲಿಲ್ಲ. ಅಂದು ರಾತ್ರಿಯೇ ಅವಳಿಗೆ ವೆಂಟಿಲೇಟರ್ ಹಾಕುತ್ತೇವೆಂದು ಡಾಕ್ಟರು ಹೇಳಿದ್ದರು. ಡಿಸೆಂಬರಿನ ಮೊದಲ ವಾರ ಚಂದ್ರಪ್ರಭಾ ತೀರಿಕೊಂಡಳು.

ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಸ್ನೇಹಿತರು, ದೂರ ದೂರ ಇಟ್ಟ ಕುರ್ಚಿಗಳಲ್ಲಿ. ಮೈಸೂರಿನಲ್ಲಿ ಅವಳ ತಾಯಿ ಅನಸೂಯಮ್ಮ ಮಗಳನ್ನು ಕಳಿಸಿಕೊಟ್ಟದ್ದು ಫೋನಿನ ಪರದೆಯಲ್ಲಿ. ಪೆಟ್ಟಿಗೆ ಮುಚ್ಚಿತ್ತು. ಅನನ್ಯಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ತ್ಯಾಗರಾಜ ಅಳಲಿಲ್ಲ. ತಾನು ಅತ್ತರೆ ಮಗು ಹೆದರುತ್ತದೆಂದು ಅವನು ಹಲ್ಲು ಕಚ್ಚಿ ನಿಂತಿದ್ದ. ಆಮೇಲೆಯೂ ಹಾಗೆಯೇ ಇದ್ದ. ಹೊಸ ವರ್ಷಕ್ಕೆ ಮತ್ತೆ ಮೀಟಿಂಗುಗಳು ಶುರುವಾದವು. ವಿಮಾನಗಳು ಸರಿಯಾಗಿ ಓಡುತ್ತಿರಲಿಲ್ಲವಾದ್ದರಿಂದ ಅವಳ ಅಸ್ಥಿಯನ್ನು ಚಿತಾಗಾರದವರೇ ತಮ್ಮ ಗೂಡೊಂದರಲ್ಲಿ ಇಟ್ಟುಕೊಂಡರು.

ಅನನ್ಯಾ ಕನ್ನಡ ಬಿಟ್ಟಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ, ಅದೂ ಒಂದೆರಡು ಪದ. ಶಾಲೆಯಲ್ಲಿ ಎಲ್ಲ ಮಕ್ಕಳೂ ಹಾಗೇ ಅಲ್ಲವೇ ಎಂದು ತ್ಯಾಗರಾಜ ಸಮಾಧಾನ ಮಾಡಿಕೊಂಡ.

ಮಾರ್ಚಿನಲ್ಲಿ ಅವಳಿಗೆ ಹತ್ತು ತುಂಬುತ್ತಿತ್ತು. ಅಮ್ಮನಿಲ್ಲದ ಮೊದಲ ಹುಟ್ಟುಹಬ್ಬ. ತ್ಯಾಗರಾಜ ಅಂದು ರಜೆ ಹಾಕಿ ಸೂಪರ್‌ಮಾರ್ಕೆಟ್ಟಿನಿಂದ ಕೈತುಂಬ ಹೂಕುಂಡಗಳನ್ನು ತಂದ. ಹಳದಿ ಡ್ಯಾಫೊಡಿಲ್, ನೇರಳೆ ಪ್ರಿಮುಲಾ. ಅವಳು ಶಾಲೆಯಿಂದ ಬರುವಷ್ಟರಲ್ಲಿ ಮನೆಯ ಮುಂಭಾಗ ಬಣ್ಣ ಬಣ್ಣವಾಗಿರಬೇಕು ಎಂಬುದು ಅವನ ಆಸೆ. ಗೋಡೆಯ ಪಕ್ಕದ ಪಟ್ಟಿಯಲ್ಲಿ ಚಳಿಗಾಲ ಕಳೆದ ಒರಟು ಎಲೆಗಳು ಅಂಚು ಕಪ್ಪಾಗಿ ಬಿದ್ದಿದ್ದವು. ಹಾವುಗಿಡವೆಂದರೆ ಅವನಿಗೆ ನೆನಪಿದ್ದುದು ನೀಲಿ ಹೂಗಳ ಎತ್ತರದ ಕಾಂಡ ಮಾತ್ರ. ಪ್ರಭಾ ಇದ್ದಿದ್ದರೆ ಈ ಕಳೆಯನ್ನು ಇಷ್ಟು ಬೆಳೆಯಲು ಬಿಡುತ್ತಿರಲಿಲ್ಲ ಎಂದುಕೊಂಡು ಅವನು ಗುದ್ದಲಿಯಿಂದ ಒಂದೊಂದನ್ನೇ ಮೀಟಿ ಎಬ್ಬಿಸಿದ. ಬೇರುಗಳು ಬಿಡದೆ ಸತಾಯಿಸಿದವು. ಪಟಪಟನೆ ತುಂಡಾದವು. ಎಲ್ಲವನ್ನೂ ಹಸಿರು ಕಸದ ಡಬ್ಬಿಗೆ ತುಂಬಿ, ಹೂಗಿಡಗಳನ್ನು ನೆಟ್ಟು, ನೀರು ಹಾಕಿ, ಕೈ ತೊಳೆದುಕೊಂಡ. ತಿಂಗಳುಗಳ ನಂತರ ಅವನಿಗೆ ಏನೋ ಒಂದು ಕೆಲಸ ನೆಟ್ಟಗೆ ಮಾಡಿದೆನೆಂದು ಅನಿಸಿತ್ತು.

ಅನನ್ಯಾ ಸೈಕಲ್ ಇಳಿದು ನಿಂತಳು. ಹೂಗಳನ್ನು ನೋಡಿದಳು. ನೆಲ ನೋಡಿದಳು. ಸೈಕಲ್ ಹಾಗೇ ಬೀಳಲು ಬಿಟ್ಟು ಹೋಗಿ ಡಬ್ಬಿಯ ಮುಚ್ಚಳ ತೆಗೆದಳು.

"ಹ್ಯಾಪಿ ಬರ್ತ್‌ಡೇ ಪುಟ್ಟಾ! ಹೇಗಿದೆ?" ಎಂದು ಬಾಗಿಲಿಂದ ತ್ಯಾಗರಾಜ ಕೇಳಿದ.

ಅವಳು ಡಬ್ಬಿಯೊಳಗೆ ಭುಜದವರೆಗೂ ಕೈ ಹಾಕಿ ಎಲೆಗಳನ್ನು ಹೊರಗೆಳೆಯುತ್ತಿದ್ದಳು. ರೋಮ ಚುಚ್ಚಿ ಮುಂಗೈ ಕೆಂಪಾಗಿತ್ತು. ಡಚ್ಚಿನಲ್ಲಿ ಏನೋ ಕಿರುಚಿದಳು. ಅವನಿಗೆ ಎರಡೇ ಮಾತು ಅರ್ಥವಾಯಿತು. ಒಂದು, ಅವು ಅಮ್ಮನವು. ಇನ್ನೊಂದು, ನಿನಗೆ ಏನೂ ಗೊತ್ತಿಲ್ಲ.

ಬೇಲಿಯಾಚೆ ರೀಯಾ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ಅವನಿಗೆ ಎಲ್ಲವನ್ನೂ ನಿಧಾನವಾಗಿ, ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದವಳು ಅವಳೇ. ಹೂ ಈ ಜೂನಿಗೆ ಬರುವುದಿತ್ತು.

ತ್ಯಾಗರಾಜ ಡ್ಯಾಫೊಡಿಲ್‌ಗಳನ್ನು ಕಿತ್ತು ಹಾಕಿದ. ತುಂಡುಬೇರಿನ ಹಾವುಗಿಡಗಳನ್ನು ಮತ್ತೆ ಅದೇ ಕುಳಿಗಳಲ್ಲಿ ಇಟ್ಟು ಮಣ್ಣು ಒತ್ತಿದ. ಇನ್ನು ಬದುಕುವುದಿಲ್ಲವೆಂದು ರೀಯಾ ಹೇಳಿದರೂ ಕೇಳಲಿಲ್ಲ. ಎರಡು ವಾರ ಬೆಳಿಗ್ಗೆ ಸಂಜೆ ಅವುಗಳ ಮುಂದೆ ಕುಳಿತ, ಹಿಂದೆ ತಾಯಿ ಮಗಳು ಕೂರುತ್ತಿದ್ದ ಜಾಗದಲ್ಲೇ. ಎಲೆಗಳು ಮೊದಲು ಜೋತವು, ಆಮೇಲೆ ಕಾಗದದಂತಾದವು.

ಏಪ್ರಿಲಿನಲ್ಲಿ ಅವನು ಹೊಸ ಬೀಜ ತರಿಸಿದ. ಬಾ ಎಂದರೆ ಅನನ್ಯಾ ಬರಲಿಲ್ಲ. ಒಬ್ಬನೇ ಬೆರಳಲ್ಲಿ ತೂತು ಮಾಡಿ ಬೀಜ ಹೂಳುತ್ತಿದ್ದಾಗ ಹಿಂದೆ ಚಪ್ಪಲಿ ಸದ್ದಾಯಿತು.

"ನಾಟ್ ಸೋ ಡೀಪ್," ಎಂದಳು ಮಗಳು ಇಂಗ್ಲಿಷಿನಲ್ಲಿ.

ಅವಳು ಅವನ ಕೈಯಿಂದ ಪೊಟ್ಟಣ ತೆಗೆದುಕೊಂಡು ಬೀಜಗಳನ್ನು ಮರಳಿನ ಮೇಲೆ ಹಾಗೇ ಉದುರಿಸಿ, ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಮತ್ತೆ ಒಳಗೆ ಹೋದಳು. ಅವನು ತಾನು ಹೂತಿದ್ದ ಬೀಜಗಳನ್ನು ಕೆದಕಿ ಮೇಲೆ ತಂದು, ಅವಳಂತೆಯೇ ತಟ್ಟಿದ.

ಆ ವರ್ಷ ಬರೀ ಎಲೆ. ಬೇಸಿಗೆ ಬಂತು, ಹೋಯಿತು. ತ್ಯಾಗರಾಜ ಮೀಟಿಂಗುಗಳ ನಡುವೆ ಕೆಳಗಿಳಿದು ಬರುವುದನ್ನು ಕಲಿತ. ಯಾವುದು ಹಾವುಗಿಡ, ಯಾವುದು ದಂಟಿನ ಜಾತಿಯ ಕಳೆ ಎಂದು ತಿಳಿಯಿತು. ಅನುಮಾನ ಬಂದರೆ ಕೀಳುವ ಮುನ್ನ ಮಗಳನ್ನು ಕೇಳುತ್ತಿದ್ದ. ಅವಳು ತಲೆಯಾಡಿಸಿ ಹೌದು ಅಥವಾ ಅಲ್ಲ ಎನ್ನುತ್ತಿದ್ದಳು. ಅವರ ಮನೆಯಲ್ಲಿ ಅಷ್ಟು ಮಾತು ನಡೆಯುತ್ತಿದ್ದುದೇ ಗಿಡಗಳ ವಿಷಯದಲ್ಲಿ. ಡಿಸೆಂಬರಿನಲ್ಲಿ ಮತ್ತೊಂದು ಲಾಕ್‌ಡೌನ್. ವರ್ಷದ ತಿಥಿಯನ್ನು ಮೈಸೂರಿನ ಪುರೋಹಿತರು ಲ್ಯಾಪ್‌ಟಾಪಿನಲ್ಲಿ ಹೇಳಿಕೊಟ್ಟಂತೆ ಮಾಡಿದ. ದರ್ಭೆ ಸಿಗಲಿಲ್ಲವೆಂದಾಗ ಅವರು ಇದ್ದುದರಲ್ಲೇ ಆಗಲಿ ಎಂದರು.

ಫೆಬ್ರವರಿ ಕಳೆಯುವಷ್ಟರಲ್ಲಿ ಪ್ರಯಾಣ ಸಲೀಸಾಗತೊಡಗಿತು. ಅನಸೂಯಮ್ಮ ಫೋನ್ ಮಾಡಿದರು.

"ನೋಡಿ ತ್ಯಾಗರಾಜ, ಇನ್ನು ತಡ ಮಾಡಬೇಡಿ. ಅವಳ ಅಸ್ಥಿ ಯಾವುದೋ ಊರಿನ ಗೂಡಲ್ಲಿ ಕೂತಿದೆ ಅಂತ ನೆನೆಸಿಕೊಂಡ್ರೆ ನನಗೆ ಅನ್ನ ಇಳಿಯಲ್ಲ. ಏಪ್ರಿಲ್‌ನಲ್ಲಿ ಬನ್ನಿ. ಪಶ್ಚಿಮವಾಹಿನಿಯಲ್ಲಿ ಬಿಡೋಣ."

ಅವನು ಆಗಲಿ ಎಂದ. ಊಟದ ಹೊತ್ತಿಗೆ ಅನನ್ಯಾಗೆ ವಿಷಯ ಹೇಳಿದ. ಅವಳು ತಟ್ಟೆಯಿಂದ ತಲೆಯೆತ್ತಿದಳು.

"ಬೇಡ," ಎಂದಳು. ವರ್ಷಕ್ಕೂ ಹೆಚ್ಚು ಕಾಲದ ನಂತರ ಅವಳ ಬಾಯಿಂದ ಬಂದ ಕನ್ನಡ. "ಹೂ ಬರೋ ತನಕ ಬೇಡ."

ತ್ಯಾಗರಾಜ ಅತ್ತೆಗೆ ಮತ್ತೆ ಫೋನ್ ಮಾಡಿ ಆಗಸ್ಟಿಗೆ ಬರುತ್ತೇವೆಂದ. ಕಾರಣ ಕೇಳಿ ಅವರು ಸಿಟ್ಟಾದರು.

"ಒಂದು ಗಿಡಕ್ಕೋಸ್ಕರ ನನ್ನ ಮಗಳು ಅಲ್ಲಿ ಕಾಯ್ತಾ ಕೂರಬೇಕಾ? ಹುಡುಗಿ ಹೇಳಿದ್ಲು ಅಂತ ನೀವೂ ಕುಣಿತೀರಲ್ಲ!"

ಅನನ್ಯಾ ಎದ್ದು ಬಂದು ಫೋನ್ ತೆಗೆದುಕೊಂಡಳು. ತೊಡರುವ ಕನ್ನಡದಲ್ಲಿ, ನಡುನಡುವೆ ಇಂಗ್ಲಿಷ್ ಸೇರಿಸಿ, ಅಜ್ಜಿಗೆ ಹೇಳತೊಡಗಿದಳು. ಅಮ್ಮ ಚಪ್ಪಡಿ ಎಬ್ಬಿಸಿದ್ದು, ಮೊದಲ ವರ್ಷ ಬರೀ ಎಲೆ ಬರುವುದು, ಹಕ್ಕಿಯ ಹಾಗಿರುವ ಪತಂಗ ಬರಬೇಕೆಂದು ಅಮ್ಮನಿಗೆ ಆಸೆಯಿದ್ದದ್ದು. ಅಪ್ಪ ಗಿಡ ಕಿತ್ತ ವಿಷಯ ಮಾತ್ರ ಹೇಳಲಿಲ್ಲ.

"ಯಾವ ಬಣ್ಣ ಪುಟ್ಟಿ ಅದು?" ಎಂದರು ಕೊನೆಗೆ ಅನಸೂಯಮ್ಮ.

"ಮೊಗ್ಗು ಪಿಂಕ್ ಅಜ್ಜಿ. ಅರಳಿದ್ಮೇಲೆ ನೀಲಿ."

"ಸರಿ. ಬಂದ್ಮೇಲೆ ಫೋಟೊ ಕಳಿಸು."

ಮೇ ತಿಂಗಳಲ್ಲಿ ಎಲೆಗಳ ನಡುವಿನಿಂದ ಕಾಂಡಗಳು ಎದ್ದವು. ಜೂನಿನ ಎರಡನೇ ವಾರ ಮೊದಲ ಹೂ ಬಿಟ್ಟಿತು. ತಿಂಗಳ ಕೊನೆಗೆ ಗೋಡೆಯ ಪಕ್ಕದ ಪಟ್ಟಿಯೆಲ್ಲ ಅನನ್ಯಾಳ ಎದೆಯೆತ್ತರಕ್ಕೆ ನೀಲಿಯಾಗಿತ್ತು. ಬೆಳಿಗ್ಗೆಯಿಂದಲೇ ಜೇನ್ನೊಣಗಳು, ದಪ್ಪ ದಪ್ಪ ದುಂಬಿಗಳು. ಕಿಟಕಿ ತೆರೆದರೆ ಅವುಗಳ ಗುಂಯ್‌ಗುಡುವಿಕೆ ಮಹಡಿಯವರೆಗೂ ಕೇಳುತ್ತಿತ್ತು. ದಾರಿಹೋಕರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ರೀಯಾ ತನ್ನ ಕುರ್ಚಿಯನ್ನೇ ಈ ಕಡೆಗೆ ತಿರುಗಿಸಿ ಹಾಕಿಕೊಂಡಳು. ಅನನ್ಯಾ ಅಜ್ಜಿಗೆ ಫೋಟೊ ಕಳಿಸಿದಳು. ಆದರೆ ಅವಳ ಮುಖದಲ್ಲಿ ನಗು ಬರಲಿಲ್ಲ. ಶಾಲೆ ಮುಗಿದ ಕೂಡಲೇ ಹೊಸ್ತಿಲ ಮೇಲೆ ಕುಳಿತು ಹೂಗಳ ಕಡೆ ನೋಡುತ್ತಿದ್ದಳು.

"ಈ ವರ್ಷ ಪತಂಗ ಬರದೇ ಇರಬಹುದು ಪುಟ್ಟ," ಎಂದ ತ್ಯಾಗರಾಜ. "ಅದು ಎಲ್ಲ ಕಡೆ ಬರಲ್ಲವಂತೆ."

"ಗೊತ್ತು," ಎಂದಳು. ಆದರೂ ಕುಳಿತಿದ್ದಳು.

ಜುಲೈ ಮೊದಲ ವಾರದ ಒಂದು ಸಂಜೆ ಅವನು ಕೆಲಸ ಮುಗಿಸಿ ಕೆಳಗೆ ಬಂದಾಗ ಅವಳು ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದಳು. ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು.

"ಯಾಕೆ ಒಳಗಿದ್ದೀಯ?"

"ಬಂದಿತ್ತು," ಎಂದಳು.

"ಏನು? ಪತಂಗಾನಾ? ಯಾವಾಗ? ನನ್ನ ಯಾಕೆ ಕರೀಲಿಲ್ಲ?"

"ಆಗ್ಲೇ. ಎಲ್ಲಾ ಹೂವಿಗೂ ಹೋಯ್ತು. ತುಂಬಾ ಹೊತ್ತು ಇತ್ತು. ಆಮೇಲೆ ಹೋಯ್ತು." ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಅದು ಬಂದ್ರೆ ಏನೋ ಆಗುತ್ತೆ ಅಂದ್ಕೊಂಡಿದ್ದೆ. ಏನೂ ಆಗ್ಲಿಲ್ಲ ಅಪ್ಪ."

ಅಮ್ಮನೇ ಬಂದು ನಿನ್ನನ್ನು ನೋಡಿಕೊಂಡು ಹೋದಳು ಎಂಬ ಮಾತು ತ್ಯಾಗರಾಜನ ನಾಲಗೆಯ ತುದಿಯವರೆಗೂ ಬಂತು. ಆಡಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಒಂದು ವಾರದಲ್ಲಿ ಬರುತ್ತಾಳೆ ಎಂದದ್ದೂ ಅಷ್ಟೇ ಸುಲಭವಾಗಿತ್ತು. ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತ.

"ಅಮ್ಮ ಬರಲ್ಲ ಪುಟ್ಟ. ಅವತ್ತು ನಿಂಗೆ ಒಂದು ವಾರ ಅಂತ ಹೇಳಿದ್ದೆ. ನಂಗೆ ಗೊತ್ತಿರ್ಲಿಲ್ಲ. ಹೆದರಿಕೆಯಾಗಿ ಹೇಳಿಬಿಟ್ಟೆ."

"ಅದಕ್ಕಲ್ಲ. ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡಿದ್ಲಲ್ಲ. ನಾನು ಹೊರಗೆ ಹೋಗಿ ಎಲೆ ತೋರಿಸ್ದೆ. ಅಮ್ಮ ಹೇಳಿದ್ಲು, ಅಪ್ಪಂಗೆ ಇದು ಗೊತ್ತಾಗಲ್ಲ, ಕಳೆ ಅಂತ ಕಿತ್ತುಬಿಡ್ತಾನೆ, ಮರೀದೆ ಹೇಳು ಅಂತ. ನಾನು ಆಯ್ತು ಅಂದೆ. ಆಮೇಲೆ ಹೇಳ್ಲೇ ಇಲ್ಲ. ಅಮ್ಮ ಹೇಳಿದ್ದು ಅದೊಂದೇ. ನಾನು ಮರ್ತೇಬಿಟ್ಟೆ."

ಒಂದೂವರೆ ವರ್ಷ ಅವಳು ತನ್ನ ಮೇಲೆ ಸಿಟ್ಟಾಗಿದ್ದಾಳೆಂದು ತ್ಯಾಗರಾಜ ತಿಳಿದಿದ್ದ. ಆ ಹುಟ್ಟುಹಬ್ಬದ ದಿನ ಡಬ್ಬಿಯ ಮುಂದೆ ಕಿರುಚಿದ ಮಗು ಅಂದಿನಿಂದ ಒಂಟಿಯಾಗಿ ಇದನ್ನು ಹೊತ್ತುಕೊಂಡು ಓಡಾಡಿತ್ತು. ಶಾಲೆಗೆ ಹೋಗಿತ್ತು, ಊಟ ಮಾಡಿತ್ತು, ಮಲಗಿತ್ತು. ಅವನು ಅವಳನ್ನು ಎಳೆದು ಅಪ್ಪಿಕೊಂಡ. ಕಿತ್ತವನು ನಾನು, ನೀನಲ್ಲ ಎಂದು ಹೇಳಹೋದ. ಅರ್ಧದಲ್ಲೇ, ಆವರೆಗೆ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಹೊರಗೆ ಬಂತು. ಮಗಳ ಹೆಗಲ ಮೇಲೆ ಮುಖವಿಟ್ಟು ಅವನು ಗಟ್ಟಿಯಾಗಿ ಅತ್ತ.

ಅನನ್ಯಾ ಬೆಚ್ಚಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅಪ್ಪ ಅಳುವುದನ್ನು ಅವಳು ಎಂದೂ ನೋಡಿರಲಿಲ್ಲ.

"ನಿಂಗೆ ಅಮ್ಮನ ಮೇಲೆ ಅಷ್ಟೊಂದು ಪ್ರೀತಿ ಇಲ್ಲ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. ಆಮೇಲೆ ಅವಳೂ ಅತ್ತಳು.

ಶಾಲೆಗೆ ರಜೆ ಸಿಕ್ಕಿ, ಆಗಸ್ಟ್ ಬರುವ ಹೊತ್ತಿಗೆ ಹೂಗಳು ಮುಗಿಯುತ್ತ ಬಂದಿದ್ದವು. ಹೂ ಬಿಟ್ಟ ಮೇಲೆ ಈ ಗಿಡ ಬದುಕುವುದಿಲ್ಲ; ಇದು ಇಬ್ಬರಿಗೂ ಗೊತ್ತಿತ್ತು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಮನೆ ಬೀಗದ ಕೈಯನ್ನು ರೀಯಾಗೆ ಕೊಟ್ಟು, ಚಿತಾಗಾರದಿಂದ ಅಸ್ಥಿ ಪಡೆದುಕೊಂಡು ಅವರು ಮೈಸೂರಿಗೆ ಹೋದರು.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಪುರೋಹಿತರು ಕೆಳಗಿನ ಮೆಟ್ಟಿಲಿಗೆ ಇಳಿಯಬೇಡಿ ಎಂದರು. ತ್ಯಾಗರಾಜ ಮೇಲಿನಿಂದಲೇ ಬಾಗಿ ಅಸ್ಥಿಯನ್ನು ನೀರಿಗೆ ಬಿಟ್ಟ. ನೀರಿನ ಸೆಳೆತಕ್ಕೆ ಅದು ಕಣ್ಣಿಗೂ ಸಿಗದೆ ಹೋಯಿತು. ಅನಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅನನ್ಯಾ ಹೋಗಿ ಅವರಿಗೆ ಒರಗಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಅಜ್ಜಿ, ಅಮ್ಮ ನನ್ನಷ್ಟು ಇದ್ದಾಗ ಹೇಗಿದ್ಲು?"

ಅನಸೂಯಮ್ಮ ಮೊಮ್ಮಗಳ ತಲೆಯನ್ನು ನೇವರಿಸುತ್ತ ನದಿಯ ಕಡೆಗೇ ನೋಡುತ್ತಿದ್ದರು.

"ಬಾಯಿಬಡುಕಿ," ಎಂದರು ಅವರು ಕೊನೆಗೆ, ಮೂಗು ಒರೆಸಿಕೊಂಡು. "ಮಲಗಿದ್ರೂ ಬಾಯಿ ಮುಚ್ತಿರ್ಲಿಲ್ಲ ಕಣೇ. ಒಂದ್ಸಲ ಏನಾಯ್ತು ಗೊತ್ತಾ..."

ಎರಡು ಮೆಟ್ಟಿಲು ಕೆಳಗೆ ನಿಂತಿದ್ದ ತ್ಯಾಗರಾಜ ಹತ್ತಿ ಬಂದು, ತಾನೂ ಕೇಳಲೆಂದು, ಅವರ ಪಕ್ಕದಲ್ಲಿ ಕುಳಿತುಕೊಂಡ.